ವರದಿಯಾದ ಮೇಲೆ

ಮೂವರು ಬೈಂಡರನ ಶವಪೆಟ್ಟಿಗೆ ಎತ್ತಲು ಹೋಗಿ, ಒಂದು ಮೂಲೆ ವಾಲಿದ್ದೇ ಮತ್ತೆ ಬೆಂಚಿನ ಮೇಲಿಳಿಸಿದರು. ಇನ್ನೊಂದು ಹೆಗಲು ಬೇಕಿತ್ತು. ಅವನ ಭಾವಮೈದುನ, ಅಚ್ಚುಕೂಟದ ಇಬ್ಬರು, ಪಾದ್ರಿ, ಬಾಗಿಲ ಬಳಿ ಗೋಡೆಗಂಟಿ ನಿಂತ, ಮಿಷನ್ ವರದಿಯ ಸಂಪಾದಕರು. ಮನೆಯಲ್ಲಿದ್ದ ಗಂಡಸರು ಇಷ್ಟೇ.

"ಆಯಸ್ಸೆಲ್ಲ ಮಿಷನ್ನಿನ ಪುಸ್ತಕ ಹೊಲಿದೋರಿಗೆ ಜನ ಇಷ್ಟೇನಾ?" ಎಂದು ನೆರೆಮನೆಯಾಕೆ ಪಿಸುಗುಟ್ಟಿದಳು.

"ಬರೋರೆಲ್ಲ ಆಗ್ಲೇ ಅತ್ತು ಮುಗಿಸಿದಾರೆ," ಎಂದಳು ಬೈಂಡರನ ಹೆಂಡತಿ. ಸಂಪಾದಕರಿಗೆ ಕೇಳಲೆಂದೇ ಗಟ್ಟಿಯಾಗಿ ಅಂದಳು.

*

ಕಳೆದ ತಿಂಗಳು ಡಾಕ್ಟರು, ಎರಡು ದಿನ ದಾಟಿದರೆ ಹೆಚ್ಚು ಎಂದಿದ್ದರು. ವಾರ್ಷಿಕ ವರದಿಯ ಕೊನೆಯ ಹಾಳೆ ಅಚ್ಚಿಗೆ ಕಾಯುತ್ತಿತ್ತು. ಮಹಾಸಭೆಗೆ ಮುಂಚೆ ಅದು ಎಲ್ಲ ಊರುಗಳಿಗೂ ತಲುಪಬೇಕು. ಇನ್ನೊಂದು ವರ್ಷ ಕಾಯಿಸುವುದೇಕೆ, ಪಾಪ, ಎಂದು ಸಂಪಾದಕರು 'ಪ್ರಭುವಿನಲ್ಲಿ ನಿದ್ರೆಹೋದವರು' ಎಂಬ, ಆ ವರ್ಷ ತೀರಿಕೊಂಡವರ ಪುಟದಲ್ಲಿ ಅವನನ್ನೂ ಸೇರಿಸಿಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದ್ದು. ಹೊಟ್ಟೆ ಉರಿಸುವುದೂ ಅದೇ.

ಬೈಂಡರ ಸಾಯಲಿಲ್ಲ. ಹಾಲು ಕುಡಿದ, ದಿಂಬಿಗೊರಗಿ ಕೂತ, ಮಹಾಸಭೆಗೆ ಕಾದ. ವರ್ಷವಿಡೀ ಸೂಜಿ, ಅಂಟುಗಳ ನಡುವೆ ಬಾಯಿಗೆ ಹೊಲಿಗೆ ಹಾಕಿಕೊಂಡಂತಿದ್ದವನು ಸಭೆ ನಡೆಯುವ ಆ ನಾಲ್ಕು ದಿನ ಮಾತಿನ ಮಲ್ಲನಾಗುತ್ತಿದ್ದ. ದೂರದೂರಿನವರು ತಮ್ಮ ಹರಿದ ಬೈಬಲ್ಲು, ಕೀರ್ತನೆ ಪುಸ್ತಕಗಳನ್ನು ಅವನ ಮನೆಗೇ ತರುತ್ತಿದ್ದರು. ಅವನು ಹೊಲಿಯುತ್ತ ಎಲ್ಲರ ಕಾಲೆಳೆಯುತ್ತಿದ್ದ.

"ಸಭೆ ಶುರುವಾಯ್ತೇನೆ?" ಈ ಸಲ ಹಾಸಿಗೆಯಿಂದಲೇ ಹೆಂಡತಿಯನ್ನು ಕೇಳಿದ.

"ಆಯ್ತು."

"ಮತ್ತೆ ಒಬ್ರೂ ಈ ಕಡೆ ತಲೆ ಹಾಕಿಲ್ಲ?"

"ಪುರುಸೊತ್ತಾಗಿರಲ್ಲ ಕಣ್ರೀ. ಬರ್ತಾರೆ."

ಆ ಹೊತ್ತಿಗೆ, ಎರಡು ಬೀದಿಯಾಚೆ, ಸಭೆಯವರೆಲ್ಲ ಅವನಿಗಾಗಿ ಎದ್ದು ಮೌನವಾಗಿ ನಿಂತಿದ್ದರು. ವೇದಿಕೆಯ ಮೇಲಿದ್ದ ಸಂಪಾದಕರಿಗೆ ನಿಜ ಗೊತ್ತಿತ್ತು. ನಾಚಿಕೆಯಿಂದ ನಾಲಿಗೆ ಏಳಲಿಲ್ಲ. ವರದಿಯ ಸುದ್ದಿ ಗಂಡನ ಕಿವಿಗೆ ಬೀಳದಿರಲೆಂದು ಅಚ್ಚುಕೂಟದವರ ಬಾಯಿಗೆ ಹೆಂಡತಿಯೇ ಬೀಗ ಹಾಕಿದ್ದಳು. ಸಭೆಗೆ ಓಡಿಹೋಗಿ, ಅವನಿನ್ನೂ ಬದುಕಿದ್ದಾನೆ ಎಂದು ಕೂಗಿ ಹೇಳಬೇಕೆಂದು ಚಪ್ಪಲಿ ಮೆಟ್ಟಿದ್ದೂ ಉಂಟು. ಆದರೆ ಬಂದವರು ಅವನೆದುರೇ ಬಾಯಿತಪ್ಪಿ ಆಡಿಬಿಟ್ಟರೆ? ಹೆದರಿ ಚಪ್ಪಲಿ ಕಳಚಿದಳು.

"ಬಾಗಿಲು ಹಾಕ್ಬೇಡ. ಮಲಗಿದಾನೆ ಅಂತ ವಾಪಸ್ ಹೋಗಿಬಿಟ್ಟಾರು," ಎಂದು ಅವನು ಮತ್ತೆ ಮತ್ತೆ ಹೇಳಿದ. ಸಭೆಯ ಕೊನೆಯ ಸಂಜೆ, ತೆರೆದ ಬಾಗಿಲನ್ನೇ ನೋಡುತ್ತ ಪ್ರಾಣ ಬಿಟ್ಟ.

*

"ಅಮ್ಮಾ, ನನ್ನಿಂದ ದೊಡ್ಡ ತಪ್ಪಾಯ್ತು..." ಸಂಪಾದಕರು ತೊದಲಿದರು.

"ತಪ್ಪು ಗಿಪ್ಪು ಎಲ್ಲ ಆಮೇಲೆ. ಮೊದಲು ಹೆಗಲು ಕೊಡಿ."

ಅವರು ಕೊಟ್ಟರು. ಸ್ಮಶಾನದ ದಾರಿ ಬಸ್ ನಿಲ್ದಾಣದ ಮುಂದೆಯೇ ಹೋಗುತ್ತಿತ್ತು. ಸಭೆ ಮುಗಿಸಿದವರು ಚೀಲಗಳೊಂದಿಗೆ ಬಸ್ಸಿಗೆ ನಿಂತಿದ್ದರು. ಅವರಲ್ಲೊಬ್ಬರು ಮುದಿ ಮೇಷ್ಟ್ರು, ಬೈಂಡರನೊಡನೆ ವರ್ಷವರ್ಷವೂ ಹರಟಿದ ಗೆಳೆಯ. ಹಿಂದೆ ಬರುತ್ತಿದ್ದ ಅವನ ಹೆಂಡತಿಯನ್ನು ಕಂಡದ್ದೇ ಓಡಿಬಂದು ಕೈ ಹಿಡಿದುಕೊಂಡರು.

"ಅಕ್ಕಾ, ವರದಿ ಓದಿ ಎದೆ ಒಡೆದುಹೋಯ್ತು. ಅವನಿಲ್ಲದ ಮನೆಗೆ ಹೇಗೆ ಬರಲಿ ಅಂತ... ಧೈರ್ಯ ಸಾಲ್ಲಿಲ್ಲ ಅಕ್ಕಾ." ಕಣ್ಣೊರೆಸಿಕೊಂಡು, ಆಗಷ್ಟೇ ಪೆಟ್ಟಿಗೆಯನ್ನು ನೋಡಿ ದನಿ ತಗ್ಗಿಸಿದರು. "ಇದ್ಯಾರು, ಪಾಪ? ನಿಮ್ಮ ಕಡೆಯೋರಾ?"

ಹೊತ್ತವರು ನಿಂತರು. ಸಂಪಾದಕರು ತಲೆ ಎತ್ತಲಿಲ್ಲ.

ಅವಳು ತನ್ನ ಕೈ ಹಿಡಿದಿದ್ದ ಮೇಷ್ಟ್ರ ಕೈಯನ್ನು ಹಾಗೆಯೇ ಎತ್ತಿ ಪೆಟ್ಟಿಗೆಗೆ ತಾಗಿಸಿದಳು.