ಮೈತ್ರಿಯ ಜೇಬಿನ ಕೀ

ತಿದ್ದುಪಡಿ ಕಳಿಸತೊಡಗಿದ ಹದಿನಾಲ್ಕು ತಿಂಗಳಲ್ಲಿ ಮೈತ್ರಿ ಒಂದೇ ಒಂದು ತಪ್ಪು ಮಾಡಿರಲಿಲ್ಲ. ಶ್ರೀಗೌರಿಗೆ ಹೆದರಿಕೆ ಹುಟ್ಟಿಸಿದ್ದೇ ಅದು.

ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ‘ಓದುದನಿ’ ಎಂಬ ಸಾಫ್ಟ್‌ವೇರನ್ನು ಶ್ರೀಗೌರಿ ಶಿವಮೊಗ್ಗದ ವಿನೋಬನಗರದ ಮನೆಯಿಂದಲೇ ಆರು ವರ್ಷ ನೋಡಿಕೊಂಡು ಬಂದಿದ್ದಳು. ಅದರ ಕೋಡ್ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಆದರೆ ಅದನ್ನು ಒಪ್ಪಿ ಸಾವಿರಾರು ಜನರ ಫೋನಿಗೆ ತಲುಪಿಸುವ ಅಧಿಕಾರ ಅವಳೊಬ್ಬಳದೇ. ಈಚೆಗೆ ಡೆಂಗಿ ಬಂದು ಅವಳು ಹನ್ನೆರಡು ದಿನ ಮಲಗಿದ್ದಾಗ, ಫೋನ್ ಕಂಪನಿಯವರು ಕಳಿಸಿದ ಅಪ್‌ಡೇಟಿನಿಂದ ಓದುದನಿ ಮಾತೇ ನಿಲ್ಲಿಸಿತು. ಭದ್ರಾವತಿಯ ಮೈತ್ರಿ ಮರುದಿನವೇ ಕಳಿಸಿದ್ದ ರಿಪೇರಿ ಒಪ್ಪುವವರಿಲ್ಲದೆ ಬಿದ್ದಿತ್ತು. ಪರೀಕ್ಷೆಗೆ ಓದುವ ಮಕ್ಕಳು ಅಷ್ಟೂ ದಿನ ಸುಮ್ಮನೆ ಕೂತಿದ್ದರು.

ಇನ್ನೊಬ್ಬರಿಗೆ ಅಧಿಕಾರ ಕೊಡಲೇಬೇಕು. ಕೊಟ್ಟರೆ ಮೈತ್ರಿಗೇ. ಅವಳ ತಿದ್ದುಪಡಿಗಳು ಚಿಕ್ಕವು, ಅಚ್ಚುಕಟ್ಟಾದವು. ಆದರೆ ವರ್ಷಗಟ್ಟಲೆ ಒಳ್ಳೆಯವರಾಗಿದ್ದು, ಅಧಿಕಾರ ಸಿಕ್ಕ ಮೇಲೆ ಜನರ ಫೋನಿಗೆ ನುಸುಳಲು ಕೋಡಿನಲ್ಲಿ ಕಳ್ಳಬಾಗಿಲು ಇಟ್ಟವರ ಸುದ್ದಿಯನ್ನೂ ಶ್ರೀಗೌರಿ ಓದಿದ್ದಳು. ಮುಖ ನೋಡದೆ ಕೊಡುವುದು ಹೇಗೆ? ಶನಿವಾರ ಮಧ್ಯಾಹ್ನ ಭದ್ರಾವತಿ ಬಸ್ ಹತ್ತಿದಳು.

ಬಾಗಿಲು ತೆರೆದದ್ದು ಮೈತ್ರಿಯ ತಾಯಿ ಹಾಲಮ್ಮ. “ನೀವೇನಾ ಕಂಪ್ಯೂಟರ್ ಮೇಡಂ? ‘ಮೇಡಂ ಒಪ್ಪಿದ್ರು, ಮೇಡಂ ಒಪ್ಲಿಲ್ಲ’ ಅಂತ ಇವ್ಳು ದಿನಾ ಹೇಳೋಳು. ಯಾರೋ ಗಂಡಿನ ಕಡೆಯೋರು ಅಂದ್ಕೊಂಡಿದ್ದೆ!”

ಎರಕದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಮೈತ್ರಿ ಶಿಫ್ಟ್ ಮುಗಿಸಿ ಓಡಿ ಬಂದಿದ್ದಳು. ಬೆವರು ಒರೆಸಿಕೊಳ್ಳಲು ಖಾಕಿ ಅಂಗಿಯ ಜೇಬಿಗೆ ಕೈ ಹಾಕಿದವಳ ಮುಖ ಇಳಿದುಹೋಯಿತು. ಕೈಯಲ್ಲೊಂದು ಪುಟ್ಟ ಕೀ.

“ಅಯ್ಯೋ, ನನ್ನ ಬೀಗ ಅಲ್ಲೇ ಉಳೀತು!”

ಫೋನಿನಲ್ಲಿ ಸೂಪರ್‌ವೈಸರ್ ನಂಬರ್ ಒತ್ತುತ್ತಲೇ ಹೇಳಿದಳು: ಯಂತ್ರ ರಿಪೇರಿಗೆ ನಿಂತಾಗ ಕೆಲಸಕ್ಕಿಳಿದ ಪ್ರತಿಯೊಬ್ಬರೂ ಅದರ ಸ್ವಿಚ್ಚಿಗೆ ತಮ್ಮ ತಮ್ಮ ಬೀಗ ಹಾಕುತ್ತಾರೆ. ಎಲ್ಲ ಬೀಗ ತೆಗೆಯುವವರೆಗೆ ಯಾರೂ ಅದನ್ನು ಚಾಲೂ ಮಾಡುವಂತಿಲ್ಲ. ಇವತ್ತು ಮೇಡಂ ಬರುತ್ತಾರೆಂಬ ಗಡಿಬಿಡಿಯಲ್ಲಿ ಮರೆತಿದ್ದಳು.

“ಸರ್, ಮೈತ್ರಿ. ಮೂರನೇ ಮೋಟರಿಗೆ ನನ್ನ ಬೀಗ ಉಳಿದಿದೆ. ತಪ್ಪು ನಂದೇ. ಈಗ್ಲೇ ಬರ್ತೀನಿ.” ಆ ಕಡೆಯ ಬೈಗುಳ ಶ್ರೀಗೌರಿಗೂ ಕೇಳಿಸಿತು.

“ಮನೆಗೆ ಬಂದೋರನ್ನ ಬಿಟ್ಟು ಹೋಗ್ತೀಯಾ? ಪಕ್ಕದ್ಮನೆ ನಿಶಾಂತ್ ಬೈಕಲ್ಲಿ ಹೋಗ್ತಾನೆ, ಕೀ ಕೊಟ್ಟು ಕಳ್ಸೇ ಮಾರಾಯ್ತಿ,” ಎಂದಳು ಹಾಲಮ್ಮ.

“ಆಗಲ್ಲಮ್ಮ. ಒಳಗೆ ಯಾರೂ ಕೈ ಇಟ್ಟಿಲ್ಲ ಅಂತ ನಾನೇ ನೋಡಿ, ನಾನೇ ತೆಗೀಬೇಕು.”

ಶ್ರೀಗೌರಿಯೂ ಆಟೋ ಹತ್ತಿದಳು. ಕಾರ್ಖಾನೆಯ ಗೇಟಿನೆದುರು ಟೀ ಅಂಗಡಿಯ ಬೆಂಚಿನಲ್ಲಿ ಕಾದಳು. ಮೈತ್ರಿ ಹೊರಗೆ ಬಂದವಳೇ, “ರಿಜಿಸ್ಟರಲ್ಲಿ ಬರೆದು ಬಂದೆ ಮೇಡಂ. ಐವತ್ತು ನಿಮಿಷ ಮೋಟರ್ ನಿಂತಿದ್ದು ನನ್ನಿಂದ ಅಂತ,” ಎಂದಳು.

“ಬರೀಬೇಕು ಅಂದ್ರಾ?”

“ಇಲ್ಲ. ಬರೀದಿದ್ರೆ ನಾಳೆ ಇನ್ನೊಬ್ರೂ ಮರೀತಾರೆ.”

ಹದಿನಾಲ್ಕು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕೋಡ್ ಓದಿದರೂ ಕಾಣದ್ದು ಈ ಒಂದು ತಪ್ಪಿನಲ್ಲಿ ಕಂಡಿತ್ತು. ಶ್ರೀಗೌರಿ ಬೆಂಚಿನ ಮೇಲೇ ಲ್ಯಾಪ್‌ಟಾಪ್ ತೆರೆದು, “ಇನ್ನು ಮೇಲೆ ನೀನೂ ಒಪ್ಪಬಹುದು,” ಎಂದಳು.

ಮೈತ್ರಿ ಕಣ್ಣರಳಿಸಿದಳು, ಆಮೇಲೆ ಮೆಲ್ಲಗೆ, “ಒಂದು ಮಾತು ಮೇಡಂ. ನಾನು ಬರೆದಿದ್ದನ್ನ ನಾನೇ ಒಪ್ಪೋ ಹಾಗಿರಬಾರದು. ನಿಮ್ಮದನ್ನ ನೀವೂ,” ಎಂದಳು.

“ನಾನೂನಾ?” ಆರು ವರ್ಷದಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಚುರುಕ್ಕೆಂದಿತು. “ಮತ್ತೆ ನಾನು ಜ್ವರ ಬಂದು ಮಲಗಿದ್ರೆ?”

“ಅದಕ್ಕೇ ಮೂರನೆಯವರು ಬೇಕು. ನಿಮ್ಮೂರ ಗೋಪಾಳದ ನವ್ಯಾ ಕಳ್ಸೋ ತಿದ್ದುಪಡಿಗಳು ಚೆನ್ನಾಗಿರುತ್ವೆ. ಇಬ್ರೂ ಸೇರಿ ನೋಡೋಣ.”

ಶ್ರೀಗೌರಿ ಲ್ಯಾಪ್‌ಟಾಪಿನಲ್ಲಿ ಹಾಗೆಯೇ ನಿಯಮ ಹಾಕಿದಳು.

ವಾಪಸು ಬಸ್ಸಿನಲ್ಲಿ ಫೋನ್ ಟಿಣ್ ಎಂದಿತು. ಶ್ರೀಗೌರಿಯೇ ಬೆಳಿಗ್ಗೆ ಬರೆದಿಟ್ಟಿದ್ದ ತಿದ್ದುಪಡಿಯನ್ನು ಮೈತ್ರಿ ತಡೆದಿದ್ದಳು: ‘ಮೇಡಂ, ಇದನ್ನು ಪರೀಕ್ಷಿಸಿದ ವಿವರ ಇಲ್ಲ. ಆ ವಿವರ ಹಾಕಿದ ಮೇಲೆ ನೋಡುತ್ತೇನೆ.’

ಶ್ರೀಗೌರಿ ಅದನ್ನು ಎರಡು ಸಲ ಓದಿದಳು. ಆಮೇಲೆ, ಬಸ್ಸಿನಲ್ಲಿ ಎಂದೂ ಕಣ್ಣು ಮುಚ್ಚದ ಹೆಂಗಸು, ಕಿಟಕಿಗೆ ತಲೆಯಾನಿಸಿ ಶಿವಮೊಗ್ಗ ಬರುವವರೆಗೂ ನಿದ್ದೆ ಮಾಡಿದಳು.