ಸೋಲಾರ್ ಪ್ಲೇಟಿಗೆ ವಿಭೂತಿ

ಗುರುಸಂಗಪ್ಪನ ಮೀಸೆಯ ಎಡತುದಿ ಕೊಟ್ಟೂರಿಗೆ ಹೊರಟರೆ ಬಲತುದಿ ಆಗಲೇ ಹಡಗಲಿ ಮುಟ್ಟಿರುತ್ತಿತ್ತು. ನಂಬದವರು ಅಳೆದು ನೋಡಬಹುದು. ಟೇಪು ಸಾಲದಿದ್ದರೆ ನಮ್ಮ ಮೇಲೆ ಸಿಟ್ಟಾಗಬಾರದು. ಅಂಥ ಮೀಸೆಯನ್ನು ಆತ ಬೀಗರ ಮುಂದೆ ಪಣಕ್ಕಿಟ್ಟುಬಿಟ್ಟ.

ಕೋಗಳಿ ಹತ್ತಿರದ ಅವನೂರಿನ ಶಾಲೆಯ ಮಾಳಿಗೆಗೆ ಸೋಲಾರ್ ಪ್ಲೇಟುಗಳು ಬಂದಿದ್ದವು. ಬಿಸಿಲು ಬಿದ್ದರೆ ಸಾಕು, ಬೋರಿನ ಮೋಟಾರು ತಿರುಗಿ ಮಕ್ಕಳಿಗೆ ನೀರು. ಬಿಸಿಲಿಗೇನು ಬರವೇ? ನೆರಳು ಕೂಡ ನೆರಳು ಹುಡುಕಿಕೊಂಡು ಓಡುವ ಸೀಮೆ ಇದು! ಶಾಲೆಯ ಉಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷನಾದ ಗುರುಸಂಗಪ್ಪ, ಸೂರ್ಯನನ್ನು ತಾನೇ ನೇಮಕ ಮಾಡಿಸಿದವನಂತೆ ತಿರುಗಾಡುತ್ತಿದ್ದ.

ಮಗಳನ್ನು ಕೊಟ್ಟ ಮನೆಯ ಬೀಗ, ಹಲವಾಗಲಿನ ಗವಿಸಿದ್ದಪ್ಪ, ಹೊಳೆದಂಡೆಯವನು. ಕೇಳಿ ನಕ್ಕ.

"ನಮ್ಗ ತುಂಗಭದ್ರಾ ಐತಿ, ನಿಮ್ಗ ಬರೇ ಬಾಯಿ ಐತಿ ಬೀಗ್ರ. ಬಿಸ್ಲು ನೀರು ಕುಡೀತೈತಿ, ಎತ್ತಂಗಿಲ್ರಿ."

"ಆಯುಧ ಪೂಜಿ ದಿನ ಬರ್ರಿ! ನೀರು ಬರ್ಲಿಲ್ಲಂದ್ರ ನಿಮ್ಮ ಮುಂದ ಮೀಸಿ ಬೋಳಿಸ್ತೀನಿ. ಬಂದ್ರ, ನಿಮ್ಮೂರ ಸಾಲಿಗೂ ಪ್ಲೇಟು ಹಾಕ್ಸೋ ತನಕ ನೀವು ಸುಮ್ನ ಕುಂದ್ರಂಗಿಲ್ಲ."

ಆಯುಧ ಪೂಜೆ ಬಂತು. ಟ್ರ್ಯಾಕ್ಟರಿಗೆ, ಕುಡಗೋಲಿಗೆ ಪೂಜೆಯಾದ ಮೇಲೆ ಇಷ್ಟು ದೊಡ್ಡ ಯಂತ್ರವನ್ನು ಬಿಡಲಾದೀತೇ? ಗುರುಸಂಗಪ್ಪ ಮಾಳಿಗೆ ಹತ್ತಿ ಒಂದೊಂದು ಪ್ಲೇಟಿಗೂ ಮೂರು ಪಟ್ಟೆ ವಿಭೂತಿ ಬಳಿದ. ಒಂದೊಂದು ಪಟ್ಟೆಯ ಮೇಲೆ ಎತ್ತಿನ ಬಂಡಿ ಹೊಡೆಯಬಹುದಿತ್ತು! ಮೇಲೆ ಚೆಂಡುಹೂವಿನ ಮಾಲೆ, ಪಕ್ಕಕ್ಕೆ ಬಾಳೆಕಂದು. ನಿಂಬೆಹಣ್ಣು ಇಡೋಣವೆಂದರೆ ಚಕ್ರವೇ ಇಲ್ಲ, ಪ್ಲೇಟು ನಿಂತ ಕಬ್ಬಿಣದ ಕಾಲಿಗೇ ಕಟ್ಟಿದ.

ಬೀಗ ಬಂದ, ಮಂಡಕ್ಕಿ ಮೆಣಸಿನಕಾಯಿ ತಿಂದ. ಗುರುಸಂಗಪ್ಪ ಮೀಸೆ ತಿರುವಿ ಸ್ವಿಚ್ ಒತ್ತಿದ. ಮೋಟಾರು ಒಮ್ಮೆ ಗೊಣಗಿ ಮಲಗಿತು. ನಲ್ಲಿ ಒಂದು ಹನಿ ತೋರಿಸಿ ಅದನ್ನೂ ಒಳಗೆಳೆದುಕೊಂಡಿತು.

"ನಿಮ್ಮೂರ ಕಾಂತೇಶನ ಸಲೂನ್ ತೆಗ್ದೈತೇನ್ರಿ?" ಎಂದ ಬೀಗ.

"ಇವತ್ತು ಅವನ ಕತ್ರಿಗೂ ಪೂಜಿರಿ, ಮುಟ್ಟಂಗಿಲ್ಲ" ಎಂದ ಗುರುಸಂಗಪ್ಪ, ಬದುಕಿದೆ ಎಂಬಂತೆ.

"ಚಿಂತಿಲ್ಲ, ನನ್ನ ಬ್ಯಾಗಿನ್ಯಾಗ ಬ್ಲೇಡ್ ಐತಿ."

ಅಷ್ಟರಲ್ಲಿ ಗೀತಾಂಜಲಿ ಟೀಚರ್ ಮಕ್ಕಳನ್ನೂ ಬೀಗರಿಬ್ಬರನ್ನೂ ಕರೆದುಕೊಂಡು ಮಾಳಿಗೆ ಹತ್ತಿ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದರು. "ಕೋಮಲಾ, ಪಾಠದಾಗ ಏನು ಕಲ್ತಿ, ನಿಮ್ಮಜ್ಜಗ ಹೇಳು."

"ಅಜ್ಜಾ, ಪ್ಲೇಟಿನ್ಯಾಗಿನ ಬಿಲ್ಲೆಗಳು ಕೈ ಕೈ ಹಿಡ್ಕೊಂಡು ನಿಂತಾವ. ಒಂದರ ಮುಖ ಮುಚ್ಚಿದ್ರ ಅದರ ಸಾಲೆಲ್ಲ ಸೊರಗ್ತೈತಿ. ನೀನು ಎಲ್ಲಾದ್ರ ಮುಖಾನೂ ಮುಚ್ಚೀದಿ!"

"ಒರೆಸಿಬಿಡ್ರಿ" ಎಂದರು ಟೀಚರ್.

ಗುರುಸಂಗಪ್ಪ ತನ್ನ ವಿಭೂತಿ ಮೆತ್ತಿದ ಬೆರಳು ನೋಡಿಕೊಂಡ. ಹಬ್ಬದ ದಿನ, ತಾನೇ ಹಚ್ಚಿದ ವಿಭೂತಿಯನ್ನು ತಾನೇ ಒರೆಸುವುದೇ? ಕೆಳಗಿನಿಂದ ಹೆಂಡತಿ ಪಂಪಮ್ಮನ ದನಿ ಬಂತು: "ಒರಿಸಿ ನೋಡ್ರಿ, ಮನಿ ಬಾಗ್ಲಾ ತೆಗಿಯಂಗಿಲ್ಲ!"

ಅತ್ತ ಬ್ಲೇಡು, ಇತ್ತ ಬಾಗಿಲು. ನಡುವೆ ಮೀಸೆ ನಡುಗಿತು. ಗುರುಸಂಗಪ್ಪ ಆಕಾಶ ನೋಡಿದ, ಪ್ಲೇಟು ನೋಡಿದ, ಒಮ್ಮೆಲೇ ತೊಡೆ ತಟ್ಟಿದ.

"ಪೂಜಿ ಎಲ್ಲಿ ಮುಗ್ದೈತ್ರೆಪ? ಅಭಿಷೇಕನ ಮಾಡಿಲ್ಲ! ತರ್ರಿ ನೀರು!"

ಅಭಿಷೇಕಕ್ಕೆ ಬೇಡ ಎನ್ನುವವರು ಯಾರು? ಮೊದಲ ಕೊಡ ಪಂಪಮ್ಮನೇ ಹೊತ್ತು ತಂದಳು. ಊರಿಗೆ ಊರೇ ಮನೆಮನೆಯಿಂದ ಕೊಡ ಹೊತ್ತು ನಿಂತಿತು. ಗುರುಸಂಗಪ್ಪ "ಓಂ ನಮಃ ಶಿವಾಯ" ಎನ್ನುತ್ತ ಸುರಿದ, ಮೆತ್ತಗೆ ಉಜ್ಜಿದ. ಹೂವು ಹೆಂಗಸರ ಮುಡಿಗೆ ಪ್ರಸಾದ, ಬಾಳೆಕಂದು ಆಕಳಿಗೆ. ಪ್ಲೇಟುಗಳು ಎಷ್ಟು ಹೊಳೆದವೆಂದರೆ ಅವುಗಳಲ್ಲಿ ಮುಖ ನೋಡಿಕೊಂಡ ಸೂರ್ಯನೇ ನಾಚಿದ.

ಸ್ವಿಚ್ ಒತ್ತಿದರೆ ಮೋಟಾರು ಗುಟುರು ಹಾಕಿತು! ನಲ್ಲಿಯ ನೀರು ಹಾರಿದ ರಭಸಕ್ಕೆ ಕೂಡ್ಲಿಗಿ ದಾರಿಯಲ್ಲಿ ಹೋಗುತ್ತಿದ್ದವರು ಕೊಡೆ ಬಿಚ್ಚಿದರಂತೆ.

ಗವಿಸಿದ್ದಪ್ಪ ಬೊಗಸೆ ಹಿಡಿದು ಕುಡಿದ. "ಸೋತೆ ಬೀಗ್ರ. ನಾಡಿದ್ದ ನಮ್ಮೂರ ಮಾಸ್ತರನ್ನ ಕರ್ಕೊಂಡು ಬರ್ತೀನಿ. ಕೋಮಲಾ ಪಾಠ ಹೇಳ್ಲಿ."

"ಯಾಕ, ನಾನ ಹೇಳ್ತೀನಲ್ರಿ?"

"ನೀವು ಬ್ಯಾಡ್ರಿ! ಮಾಸ್ತರಿಗೂ ಮಾಲಿ ಹಾಕಿ ನಿಂಬಿಹಣ್ಣು ಕಟ್ಟೀರಿ."

ಗುರುಸಂಗಪ್ಪನ ಕಿವಿ ಅತ್ತ ಇರಲೇ ಇಲ್ಲ. ಆಗಲೇ ಪಂಪಮ್ಮನನ್ನು ಪಕ್ಕಕ್ಕೆ ಕರೆದು, ತಾನೇ ಕಂಡುಹಿಡಿದವನ ಗತ್ತಿನಲ್ಲಿ ಹೇಳತೊಡಗಿದ್ದ: "ನೋಡು, ಅದರಾಗ ಬಿಲ್ಲೆಗಳು ಕೈ ಕೈ ಹಿಡ್ಕೊಂಡು ನಿಂತಿರ್ತಾವ..."