ಹಡಗಿನ ಸೀರಿಯಲ್ಲು

ಕ್ಯಾಸೆಟ್ಟನ್ನು ವಿಸಿಆರ್ ಒಳಗೆ ತಳ್ಳುವಾಗ ಶಿಲ್ಪಶ್ರೀ ಪಕ್ಕದಲ್ಲಿದ್ದ ಅಪ್ಪನತ್ತ ನೋಡಲಿಲ್ಲ. ಸೀತೂರಿನ ದಿನಸಿ ಅಂಗಡಿ ವೃಷಭೇಂದ್ರಪ್ಪನವರಿಗೆ ಸ್ನಾನ ಮಾಡಿಸಿ, ವಿಭೂತಿ ಬಳಿದು, ಪದ್ಧತಿಯಂತೆ ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಬದುಕಿದ್ದಾಗ ಟಿವಿಯ ಪಕ್ಕ ಅವರು ನಿಲ್ಲುತ್ತಿದ್ದುದೂ ಅಲ್ಲೇ. ಕ್ರಿಯೆ ನಡೆಸುವ ಅಯ್ಯನವರು ಬಾಳೆಹೊನ್ನೂರಿನಿಂದ ಬರಲು ಇನ್ನೂ ತಾಸು ಹೊತ್ತಿತ್ತು. ಅಷ್ಟರಲ್ಲಿ ಕೊನೆಯ ಕ್ಯಾಸೆಟ್ಟನ್ನೊಮ್ಮೆ ಹಾಕಿ ಎಂದು ಕೇಳಿದವನು ತೋಟದ ಕೂಲಿ ಐತ. ಸಾವಿನ ಮನೆಯಲ್ಲಿ ಟಿವಿಯೇ ಎಂದು ನೆಂಟರು ಮೂಗು ಮುರಿದರು. ಅಮ್ಮ ಶಂಕರಮ್ಮ ಮಾತ್ರ, “ಹಾಕು. ಅವ್ರಿಗೆ ಅದಕ್ಕಿಂತ ದೊಡ್ಡ ಪೂಜೆ ಯಾವ್ದಿತ್ತು?” ಎಂದಳು.

ಹಡಗಿನ ಸೀರಿಯಲ್ಲು ಎಂದರೆ ಊರಿಗೆಲ್ಲ ಗೊತ್ತು. ಹದಿನೈದು ವರ್ಷದ ಹಿಂದೆ ಭಾನುವಾರ ಬೆಳಗ್ಗೆ ಹಿಂದಿಯಲ್ಲಿ ಬರುತ್ತಿತ್ತು. ನಕ್ಷತ್ರಗಳ ನಡುವೆ ಹೋಗುವ ಹಡಗು, ಬಿಳಿಗಡ್ಡದ ಕಪ್ತಾನ, ತಗಡಿನ ಡಬ್ಬಿಯಂಥ ಯಂತ್ರಗಳು. ಒಂಬತ್ತು ವಾರ ಬಂದು, ಹಡಗು ಎಲ್ಲಿಗೂ ತಲುಪದೆ ನಿಂತುಹೋಯಿತು. ದೇಶವೆಲ್ಲ ಮರೆಯಿತು, ಸೀತೂರು ಮರೆಯಲಿಲ್ಲ. ಒಂಬತ್ತನ್ನೂ ವೃಷಭೇಂದ್ರಪ್ಪ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದರು. ತಿಂಗಳಿಗೊಂದು ಭಾನುವಾರ ಟಿವಿ ಜಗಲಿಗೆ ಬರುತ್ತಿತ್ತು, ಅಂಗಳದಲ್ಲಿ ಹತ್ತಿಪ್ಪತ್ತು ಜನ ಸೇರುತ್ತಿದ್ದರು. ಅವರಲ್ಲಿ ಯಾರಿಗೂ ಹಿಂದಿ ಬಾರದು. ಸಾಹುಕಾರರು ಮೆಣಸು ಮಾರಲು ಪುಣೆಗೆ ಹೋಗಿ ಹಿಂದಿ ಕಲಿತವರೆಂದು ಎಲ್ಲರ ನಂಬಿಕೆ. ಅವರು ಪಕ್ಕದಲ್ಲಿ ನಿಂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದರು.

ಶಿಲ್ಪಶ್ರೀ ಈಗ ಕೊಪ್ಪದ ಶಾಲೆಯೊಂದರಲ್ಲಿ ಹಿಂದಿ ಮೇಡಂ. ಅವಳು ಹಿಂದಿ ಕಲಿತ ಮೇಲೆ, ಊರಿಗೆ ಬಂದಾಗಲೆಲ್ಲ ವಿಸಿಆರ್ ಕೆಟ್ಟಿರುತ್ತಿತ್ತು. ಯಾಕೆಂದು ತಿಳಿಯಲು ಇವತ್ತು ಎರಡು ನಿಮಿಷ ಸಾಕಾಯಿತು. ಕಪ್ತಾನ ಆಡುವ ಮಾತೇ ಬೇರೆ, ಅಪ್ಪ ಹೇಳಿದ್ದ ಕತೆಯೇ ಬೇರೆ. ಅಂಗಳದಲ್ಲಿ ಕೂತವರ ತುಟಿಗಳು ಅಪ್ಪನ ಮಾತುಗಳನ್ನೇ ಮೆಲ್ಲಗೆ ಆಡುತ್ತಿದ್ದವು. ಗೋಡೆಗೊರಗಿದ ಅಪ್ಪನೇ ಕಣ್ಣುಮುಚ್ಚಿಕೊಂಡು ಹೇಳಿಸುತ್ತಿದ್ದಾರೆ ಅನ್ನಿಸಿತು. ಮುಂದೆ ಯಾವ ಜಾಗ ಬರುತ್ತದೆಂದು ಅವಳಿಗೆ ನೆನಪಿತ್ತು. ಹೆದರಿಕೆಯಾಯಿತು.

*

ಆಗ ಅವಳಿಗೆ ಹನ್ನೊಂದು ವರ್ಷ. ಐತ ಮತ್ತು ಗುಡ್ಡಮ್ಮನ ಮಗಳು ಭಾಗ್ಯ, ಭದ್ರಾ ಹಿನ್ನೀರಿನಲ್ಲಿ ತೆಪ್ಪ ಮಗುಚಿ ಮುಳುಗಿ ಎರಡು ತಿಂಗಳಾಗಿತ್ತು. ಹೆಣ ಸಿಕ್ಕಿರಲಿಲ್ಲ. ಆ ಭಾನುವಾರ ಗಂಡ ಹೆಂಡತಿ ಇಬ್ಬರೂ ಬಂದು ಕೂತರು. ಒಂಬತ್ತನೇ ಕ್ಯಾಸೆಟ್ಟಿನಲ್ಲಿ ಕಪ್ತಾನನ ಮಗಳು ಸಣ್ಣ ನೌಕೆಯೊಂದರಲ್ಲಿ ಒಬ್ಬಳೇ ಹೊರಡುತ್ತಾಳೆ, ಮತ್ತೆ ಕಾಣುವುದಿಲ್ಲ. ಕಪ್ತಾನ ಟೋಪಿ ತೆಗೆದು ಏನೋ ಹೇಳುತ್ತಾನೆ. ಅಪ್ಪ ಯಾವಾಗಲೂ ಅಲ್ಲಿ “ಸತ್ತುಹೋದ್ಲು” ಅನ್ನುತ್ತಿದ್ದರು. ಅವತ್ತು ಗಂಟಲು ಸರಿಮಾಡಿಕೊಂಡು, “ಸತ್ತಿಲ್ಲ. ರೇಡಿಯೊ ಕೆಟ್ಟಿದೆ, ಅಷ್ಟೇ,” ಅಂದರು.

ಹೋದ ಸಲ ಬೇರೆ ಹೇಳಿದ್ರಲ್ಲ ಎಂದು ಬಾಯಿ ತೆರೆದ ಶಿಲ್ಪಶ್ರೀಯ ತೊಡೆಯನ್ನು ಅಮ್ಮ ಚಿವುಟಿದಳು. ಪ್ರತಿ ಮಾತೂ ಬಾಯಿಪಾಠವಿದ್ದ ಆ ಜನ ಯಾರೂ ತುಟಿಪಿಟಕ್ಕೆನ್ನಲಿಲ್ಲ.

*

ಪರದೆಯ ಮೇಲೆ ಸಣ್ಣ ನೌಕೆ ಹಡಗಿನ ಬಾಗಿಲು ದಾಟಿ ಕತ್ತಲೆಗೆ ಹೋಯಿತು. ಕಪ್ತಾನ ಟೋಪಿ ತೆಗೆದ. ಅಂಗಳದ ತುಟಿಗಳೆಲ್ಲ ನಿಂತವು.

“ಸಣ್ಣಮ್ಮಾ,” ಎಂದ ಐತ. “ಸಾವ್ಕಾರ್ರು ಹೇಳಿದ್ದು ನಮ್ಗೆ ಗೊತ್ತು. ನೀವು ಓದಿದವ್ರು. ಅವ ಸರಿಯಾಗಿ ಎಂತ ಹೇಳ್ತಾನೆ?”

ಕಪ್ತಾನ ಹೇಳಿದ್ದು ಸ್ಪಷ್ಟವಾಗಿತ್ತು. ಅವಳಿನ್ನು ಬರುವುದಿಲ್ಲ, ಕಾಯಬೇಡಿ, ಮುಂದೆ ಹೊರಡಿ. ಶಾಲೆಯಲ್ಲಿ ಒಂದಕ್ಷರ ತಪ್ಪಿದರೂ ಮಕ್ಕಳನ್ನು ಬಿಡುವವಳಲ್ಲ ಈ ಮೇಡಂ. ಈಗ ನಿಜ ಹೇಳಿದರೆ ಭಾಗ್ಯ ಇವತ್ತು ಇನ್ನೊಮ್ಮೆ ಸಾಯುತ್ತಾಳೆ, ಅವಳ ಜೊತೆಗೆ ಅಪ್ಪನ ಮಾತೂ. ಸುಳ್ಳು ಹೇಳಿದರೆ ಈ ಇಬ್ಬರು ಕಾಯುತ್ತ ಕೂರುವುದಕ್ಕೆ ಇನ್ನು ಮುಂದೆ ತಾನೇ ಹೊಣೆ. ಅಮ್ಮ ಈ ಸಲ ಚಿವುಟಲಿಲ್ಲ, ನೆಲ ನೋಡುತ್ತ ಕೂತಿದ್ದಳು.

“ಸತ್ತಿಲ್ಲ,” ಅಂದಳು ಶಿಲ್ಪಶ್ರೀ. ದನಿ ಒಡೆಯಿತು. “ರೇಡಿಯೊ ಕೆಟ್ಟಿದೆ, ಅಷ್ಟೇ.”

ಐತ ಅವಳ ಮುಖವನ್ನೇ ನೋಡಿದ. “ಹ್ಞೂಂ. ಸಾವ್ಕಾರ್ರಿಗೂ ಇಲ್ಲೇ ಗಂಟ್ಲು ಕಟ್ತಿತ್ತು,” ಎಂದ. ಇವನಿಗೆ ಇಷ್ಟು ವರ್ಷವೂ ಗೊತ್ತಿತ್ತು ಎಂಬುದು ಅವಳಿಗೆ ಆಗ ತಿಳಿಯಿತು.

ರಸ್ತೆಯಲ್ಲಿ ಅಯ್ಯನವರ ಜೀಪಿನ ಸದ್ದಾಗಿ ಗಂಡಸರು ಎದ್ದರು. ಅವಳು ಟಿವಿ ಆರಿಸಲು ಕೈ ಚಾಚಿದಾಗ, ಐತನ ಪಕ್ಕ ಕೂತಿದ್ದ ಗುಡ್ಡಮ್ಮ ತಡೆದಳು.

“ಹಿಂದಕ್ಕೆ ಓಡ್ಸಿ ಸಣ್ಣಮ್ಮ. ಚಿತ್ರ ಕಾಣ್ತಾ ಇರ್ಲಿ. ಎಲ್ರೂ ಹೋದ್ಮೇಲೆ ಸಾವ್ಕಾರ್ರು ನಂಗೆ ಹಾಂಗೆ ತೋರಿಸ್ತಿದ್ರು.”

ಶಿಲ್ಪಶ್ರೀ ಗುಂಡಿ ಒತ್ತಿದಳು. ಪರದೆಯ ಮೇಲೆ ಬಿಳಿ ಗೆರೆಗಳು ಓಡಿದವು. ಕಪ್ತಾನ ಟೋಪಿ ಹಾಕಿಕೊಂಡ. ಕತ್ತಲೆಯಿಂದ ಸಣ್ಣ ನೌಕೆ ಹಿಂದಿಂದಕ್ಕೆ ಬಂದು ಹಡಗಿನೊಳಗೆ ಸೇರಿತು, ಬಾಗಿಲು ಮುಚ್ಚಿತು, ಹುಡುಗಿ ಹಿಮ್ಮುಖವಾಗಿ ಇಳಿದು ತನ್ನ ಅಪ್ಪನ ಎದುರು ಬಂದು ನಿಂತಳು.

“ಅಲ್ಲೇ ನಿಲ್ಸಿ,” ಎಂದಳು ಗುಡ್ಡಮ್ಮ.

ಚಿತ್ರ ನಡುಗುತ್ತ ನಿಂತಿತು. ಗುಡ್ಡಮ್ಮ ಎದ್ದು ಬಂದು, ಗಾಜಿನ ಮೇಲೆ ಆ ಹುಡುಗಿಯ ಮುಖವಿದ್ದಷ್ಟು ಜಾಗದ ಧೂಳನ್ನು ಸೆರಗಿನಿಂದ ಒರೆಸಿದಳು.